ಕೋಲಕ್ಕನ ಬಲಗೈ

ಕೋಲಕ್ಕನ ಮುತ್ತಜ್ಜ ಟಪಾಲು ಹೊರುತ್ತಿದ್ದ. ಘಾಟಿಯ ಆಚೆಗಿರುವ ಮೂವತ್ತು ಮನೆಗಳಿಗೆ ಆಗ ರಸ್ತೆ ಇರಲಿಲ್ಲ, ಮೇಕೆ ನಡೆದ ಜಾಡಿತ್ತು. ಒಂದು ವಸಂತದಲ್ಲಿ ಹಿಮ ಕುಸಿದು ಮೂವರು ಹೂತುಹೋದಾಗ ಅವನು ಟಪಾಲಿನ ಚೀಲವನ್ನು ಅಲ್ಲೇ ಬಿಸಾಡಿ, ಬರಿಗೈಯಲ್ಲಿ ಬಗೆದು, ಇಬ್ಬರನ್ನು ಉಸಿರಿರುವಾಗಲೇ ಮೇಲೆ ಎಳೆದ. ಕಾಗದ ಒದ್ದೆ ಮಾಡಿದನೆಂದು ಮೇಲಿನವರು ಬೈದರಂತೆ. ‘ಒಣಗಿಸಿ ಓದಿಕೊಳ್ಳಿ’ ಎಂದು ಹೇಳಿ ಮನೆಗೆ ಬಂದನಂತೆ.

ಅವನ ಮಗ, ಅಂದರೆ ಕೋಲಕ್ಕನ ಅಜ್ಜ, ಹಿಮ ಪರೀಕ್ಷಿಸುವ ಕೋಲನ್ನು ಕೆತ್ತಿದವನು. ಎರಡಾಳುದ್ದ, ಹೆಬ್ಬೆರಳ ದಪ್ಪ, ಗೇಣಿಗೊಂದು ಗೀರು. ನಸುಕಿನಲ್ಲಿ ಹೋಗಿ ಹಿಮಕ್ಕೆ ಅದನ್ನು ಇಳಿಸಬೇಕು, ಹೊರಗೆಳೆಯಬೇಕು, ಎಡಗೈಯಲ್ಲಿ ಹಿಡಿದು ತುದಿಯಿಂದ ಬುಡದವರೆಗೆ ಬರಿಯ ಬಲಗೈ ಸವರಬೇಕು. ಅಂಟಿ ಬಂದ ಹಿಮ ಎಲ್ಲಿ ಒಣಗಿದೆ, ಎಲ್ಲಿ ಕಾಳುಕಾಳಾಗಿ ಉದುರುತ್ತದೆ, ಎಲ್ಲಿ ಒಳಗೊಳಗೇ ನೀರಾಗಿದೆ ಎಂದು ಬೆರಳು ಹೇಳುತ್ತದೆ. ಒಳಗೆ ನೀರಾಗಿದ್ದರೆ ಮೇಲಿನ ಪದರ ಎಷ್ಟೇ ಗಟ್ಟಿ ಕಂಡರೂ ನಂಬಬಾರದು, ಎಣ್ಣೆ ಬಳಿದ ಹಲಗೆಯ ಮೇಲಿಟ್ಟ ಮಡಕೆಯ ಹಾಗೆ ಜಾರಿ ಬರುತ್ತದೆ. ಕೈಗವಸು ಹಾಕುವಂತಿಲ್ಲ. ಆ ಮನೆಯ ಕಟ್ಟಳೆ ಅದು.

ಅಪ್ಪನ ಕಾಲಕ್ಕೆ ರಸ್ತೆ ಬಂತು, ರಸ್ತೆಗೆ ಗೇಟು ಬಂತು, ಗೇಟಿನ ಕೀಲಿ ಅವನ ಸೊಂಟಕ್ಕೆ ಬಂತು. ಒಮ್ಮೆ ದೊಡ್ಡ ಸಾಹೇಬರೊಬ್ಬರ ಕಾರನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಬಿಡಲೇ ಇಲ್ಲ. ಸಾಹೇಬರು ಬಾಯಿಗೆ ಬಂದದ್ದನ್ನೆಲ್ಲ ಅಂದರು. ಮಧ್ಯಾಹ್ನ ಮೂರನೇ ತಿರುವಿನಲ್ಲಿ ಅರ್ಧ ಗುಡ್ಡ ಕೆಳಗೆ ಬಂತು. ಸಾಹೇಬರು ಕಾರಿನಿಂದ ಇಳಿದು ಟೋಪಿ ತೆಗೆದು ನಿಂತರು. ಮೂವತ್ತೊಂದು ವರ್ಷ ಆ ಗೇಟು ದಾಟಿದವರಲ್ಲಿ ಒಬ್ಬರೂ ಹಿಮದ ಪಾಲಾಗಲಿಲ್ಲ.

ಅವನಿಗೆ ಗಂಡು ಮಕ್ಕಳಿಲ್ಲ. ಕೋಲು ದೊಡ್ಡ ಮಗಳ ಕೈಗೆ ಬಂತು, ಹೆಸರೂ ಅದರ ಹಿಂದೆಯೇ ಬಂತು. ಮೊದಲ ವರ್ಷ ಲಾರಿಯವರು ನಕ್ಕರು. ಎರಡನೆಯ ವರ್ಷ ಅವಳು ಗೇಟಿಳಿಸಿದ್ದರೆ ಎಂಜಿನ್ ಆರಿಸಿ ಮಲಗುವುದನ್ನು ಕಲಿತರು. ಅವಳು ಮದುವೆಯಾಗಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಸಾಕಿ, ಬ್ರೆಡ್ಡು ಸುಡುವವನೊಬ್ಬನಿಗೆ ಕೊಟ್ಟಳು. ಅವನು ಒಳ್ಳೆಯವನು, ಬಾಯಿ ಮಾತ್ರ ಬೀಗವಿಲ್ಲದ ಬಾಗಿಲು. ತಾನೇ ನಾದಿ, ತಾನೇ ಸುಟ್ಟು, ತಾನೇ ಹಳೆಯ ವ್ಯಾನಿನಲ್ಲಿ ಘಾಟಿಯಾಚೆಗೆ ಒಯ್ಯುತ್ತಿದ್ದ.

ನಮ್ಮೂರಿನ ವಸಂತವನ್ನು ಹೊಗಳುವವರು ಬೇರೆ ಊರಿನವರು. ಬೆಳಿಗ್ಗೆ ಅಂಗಳದಲ್ಲಿ ಹಾಸಿಗೆ ಒಣಹಾಕುವಂಥ ಬಿಸಿಲು, ಹಾಸಿಗೆ ಒಳಗೆ ತರುವಷ್ಟರಲ್ಲಿ ಆಲಿಕಲ್ಲು. ಸಂಜೆ ಮಳೆ, ನಸುಕಿಗೆ ಆ ಮಳೆಯೇ ಕಲ್ಲು. ಚಳಿಗಾಲ ಎದುರು ನಿಂತು ಹೊಡೆಯುವ ಶತ್ರು. ವಸಂತ ಹೆಗಲ ಮೇಲೆ ಕೈ ಹಾಕಿ ಇರಿಯುವ ನೆಂಟ.

ಇಪ್ಪತ್ತಾರು ವಸಂತ ಬರಿಗೈಯಲ್ಲಿ ಹಿಮ ಸವರಿದ ಕೈ ಏನಾಗಬೇಕೋ ಅದೇ ಆಯಿತು. ಒಂದು ದಿನ ಗೇಟಿನ ಕೋಣೆಯಲ್ಲಿ ಒಲೆಯ ಮೇಲಿದ್ದ ಕೆಟಲ್ ಎತ್ತಿದಳು. ಸುಟ್ಟ ವಾಸನೆ ಬಂತು. ಒಲೆಗೆ ಏನು ಬಿತ್ತೆಂದು ಬಗ್ಗಿ ನೋಡಿದಳು. ವಾಸನೆ ಅವಳ ಬಲ ಅಂಗೈಯದು.

ತಂಗಿ ಬಟ್ಟೆ ಕಟ್ಟುತ್ತ ಕೇಳಿದಳು, “ಅಕ್ಕಾ, ಇಷ್ಟು ಸುಟ್ರೂ ಗೊತ್ತಾಗ್ಲಿಲ್ವಾ? ಡಾಕ್ಟರ್ ಹತ್ರ ಹೋಗೋಣ.”

“ಒಲೆ ಕಿಡಿ ಕಣೇ. ಗಾಯಕ್ಕಿಂತ ನಿನ್ನ ಬಾಯೇ ಉರೀತದೆ.”

ಅದಾಗಿ ಮೂರು ವರ್ಷ ಅವಳು ಯಾರಿಗೂ ಹೇಳಲಿಲ್ಲ. ಕಣ್ಣು, ಕಿವಿ, ಅನುಭವ ಇವುಗಳ ಮೇಲೆ ಗೇಟು ನಡೆಯಿತು. ನಡೆದದ್ದು ಅದೃಷ್ಟದಿಂದ ಎಂಬುದು ಆಗ ಅವಳಿಗೂ ತಿಳಿದಿರಲಿಲ್ಲ.

ಆ ಮೂರನೆಯ ವರ್ಷ ವಸಂತದಲ್ಲಿ ಮೂರು ದಿನ ಗೇಟು ಇಳಿದೇ ಇತ್ತು. ಮಳೆ ಸುರಿದು, ಹೆಪ್ಪುಗಟ್ಟಿ, ಅದರ ಮೇಲೆ ಹೊಸ ಹಿಮ ಬಿದ್ದು, ಅದೂ ಹೆಪ್ಪುಗಟ್ಟಿತ್ತು. ನಾಲ್ಕನೆಯ ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯಂತಿತ್ತು. ಬ್ರೆಡ್ಡಿನವನು ವ್ಯಾನನ್ನು ಗೇಟಿಗೆ ಮೂಗು ತಾಗಿಸಿ ನಿಲ್ಲಿಸಿ, ಕಾಲು ಬೆಚ್ಚಗಾಗಲೆಂದು ಅವಳ ಜೊತೆ ಮೂರನೇ ತಿರುವಿನವರೆಗೆ ನಡೆದ.

“ಅಕ್ಕಾ, ಈ ಬ್ರೆಡ್ಡು ಇನ್ನೊಂದು ದಿನ ನಿಂತ್ರೆ ಘಾಟಿಯಾಚೆಯವರು ಅದ್ರಲ್ಲೇ ಮನೆ ಕಟ್ಕೋಬಹುದು.”

“ನೀನು ಸುಟ್ಟ ದಿನವೇ ಅದು ಇಟ್ಟಿಗೆ ಕಣೋ. ಬಾಯಿ ಮುಚ್ಚು, ಹಿಮ ಏನನ್ನುತ್ತೋ ಕೇಳ್ಬೇಕು.”

ನಾಲ್ಕು ಕಡೆ ಕೋಲು ಇಳಿಸಿದಳು. ನಾಲ್ಕು ಸಲವೂ ಸವರಿದಳು. ತುದಿಯಿಂದ ಬುಡದವರೆಗೆ ಎಲ್ಲ ಒಂದೇ ಸಮ. ಒಂದೇ ಸಮ ಎಂದರೆ ಗಟ್ಟಿ ಎಂದು ಅಪ್ಪ ಹೇಳಿಕೊಟ್ಟಿದ್ದ. ಸತ್ತ ಬೆರಳಿಗೆ ಎಲ್ಲವೂ ಒಂದೇ ಸಮ ಎಂಬುದನ್ನು ಹೇಳಿಕೊಡಲು ಅವನಿಗೆ ಹೇಗೆ ತಿಳಿಯಬೇಕು? ಅವಳು ಐದನೆಯ ಸಲ ಸವರುವುದನ್ನು ಕಂಡು ಬ್ರೆಡ್ಡಿನವನು ಕೈ ಚಾಚಿದ.

“ಕೊಡಕ್ಕಾ, ನಾನೂ ಮುಟ್ಟಿ ನೋಡ್ತೀನಿ.”

ಕೊಡಬೇಕೆಂದು ಅನಿಸಿತು. ಆದರೂ ಕೋಲನ್ನು ಹಿಂದಕ್ಕೆ ಎಳೆದುಕೊಂಡಳು.

“ಹಿಟ್ಟು ನಾದೋ ಕೈಗೆ ಹಿಮದ ಮಾತು ತಿಳಿಯುತ್ತಾ? ಹೋಗು, ಗಾಡಿ ಶುರು ಮಾಡು.”

ಹಿಂದಿರುಗಿ ಬಂದು ಗೇಟು ಎತ್ತಿದಳು. ಅವನು ಎರಡು ಸಲ ಹಾರ್ನ್ ಹೊಡೆದು ಹೋದ. ಕೋಣೆಗೆ ಬಂದು ಒಲೆಗೆ ಸೌದೆ ಇಟ್ಟಳು. ಆ ಸೌದೆ ಹತ್ತಿಕೊಳ್ಳುವ ಮೊದಲೇ ಗುಡ್ಡದ ಕಡೆಯಿಂದ ಸದ್ದು ಬಂತು. ಗುಡುಗಲ್ಲ, ದೊಡ್ಡ ಮನೆಯೊಂದರಲ್ಲಿ ಯಾರೋ ಭಾರವಾದ ಮಂಚ ಎಳೆದಂತಹ ಸದ್ದು.

ರಸ್ತೆ ಕೆಲಸದವರೂ ಅವಳೂ ಓಡಿದರು. ವ್ಯಾನು ಮಗುಚಿ, ಬಾಗಿಲು ಕಿತ್ತು ಬಿದ್ದಿತ್ತು. ಬ್ರೆಡ್ಡುಗಳು ಬಿಳಿಯ ಮೇಲೆ ಚೆಲ್ಲಿಕೊಂಡಿದ್ದವು. ಅವನು ಮಾತ್ರ ಇರಲಿಲ್ಲ. ಕೋಲು ಇದ್ದದ್ದು ಒಂದೇ, ಚುಚ್ಚಿ ಹುಡುಕುವ ವಿದ್ಯೆ ಬಲ್ಲವಳೂ ಅವಳೊಬ್ಬಳೇ. ಹೆಜ್ಜೆಗೊಮ್ಮೆ ಇಳಿಸುತ್ತ, ಎಳೆಯುತ್ತ, ಕುಸಿದ ಹಿಮದ ಇಡೀ ರಾಶಿಯನ್ನು ಒಮ್ಮೆ ದಾಟಿದಳು. ಏನೂ ಸಿಗಲಿಲ್ಲ. ಗಂಟೆ ಕಳೆಯಿತು. ಮತ್ತೆ ಮೋಡ ಕವಿದು ಸಣ್ಣ ಹಿಮ ಉದುರತೊಡಗಿತು. ಎರಡನೆಯ ಸಲ ಅರ್ಧಕ್ಕೆ ಬಂದವಳು ನಿಂತುಬಿಟ್ಟಳು. ಕೋಲನ್ನು ರಸ್ತೆ ಕೆಲಸದ ಮೇಸ್ತ್ರಿಯ ಕಡೆ ಚಾಚಿದಳು.

“ನೀನು ಹಿಡಿ. ನನ್ನ ಕೈಗೆ ಏನೂ ತಿಳಿಯಲ್ಲ.”

“ತಣ್ಣಗಾಗಿರ್ಬೇಕು ಅಕ್ಕಾ, ಸ್ವಲ್ಪ ಉಜ್ಜಿ...”

“ಮೂರು ವರ್ಷದಿಂದ ತಿಳಿಯಲ್ಲ ಮಾರಾಯ! ಹಿಡಿ!”

ಮೇಸ್ತ್ರಿ ಅವಳು ಬಂದ ದಾರಿಯಲ್ಲೇ ಹಿಂದಕ್ಕೆ ಚುಚ್ಚುತ್ತ ಹೋದ. ಏಳನೆಯದಕ್ಕೆ ನಿಂತ. “ಇಲ್ಲಿ ಮೆತ್ತಗಿದೆ” ಎಂದ. ಬಗೆದರು. ಎದೆಯಾಳದಲ್ಲಿ ಉಣ್ಣೆಯ ಕೋಟು ಸಿಕ್ಕಿತು. ಕೋಲಕ್ಕ ಚುಚ್ಚಿದ ತೂತುಗಳಲ್ಲಿ ಒಂದು ಆ ಕೋಟಿನ ಬೆನ್ನಿನ ಮೇಲೇ ಮುಗಿದಿತ್ತು. ಅವನ ಬಾಯಿಯ ಸುತ್ತ ಹಿಮ ಕರಗಿ ಮತ್ತೆ ಗಾಜಿನಂತೆ ಗಟ್ಟಿಯಾಗಿತ್ತು. ಉಸಿರು ತಾಗದೆ ಹಾಗಾಗುವುದಿಲ್ಲ. ಎಷ್ಟು ಹೊತ್ತಿನ ಉಸಿರು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಅಧಿಕಾರಿಗಳು ಬಂದರು. ಅವಳು ಕೈ ಮುಂದೆ ಮಾಡಿ ಎಲ್ಲ ಹೇಳಿದಳು. ಅವರು ಕಾಗದದಲ್ಲಿ ‘ಹವಾಮಾನ ವೈಪರೀತ್ಯ’ ಎಂದು ಬರೆದುಕೊಂಡು ಹೋದರು. ಹವೆಗೆ ಬಾಯಿಲ್ಲ, ಅದರ ತಲೆಗೆ ಏನು ಕಟ್ಟಿದರೂ ನಿಲ್ಲುತ್ತದೆ. ಅವಳು ಕೀಲಿಯನ್ನು ಮೇಜಿನ ಮೇಲಿಟ್ಟು, ಕೋಲನ್ನು ಅದೇ ಕೋಣೆಯ ಒಲೆಗೆ ತುಂಡು ತುಂಡಾಗಿ ಹಾಕಿ, ಚಪ್ಪಲಿ ಹೊಲಿಯುವವನ ಅಂಗಡಿಯ ಮೇಲಿನ ಒಂದು ಕೋಣೆಗೆ ಬಂದಳು. ಈಗ ಗೇಟಿಗೆ ಯಂತ್ರವಿದೆ, ಕೆಂಪು ದೀಪವಿದೆ.

ಹೋದ ವಾರ ತಂಗಿ ಆ ಕೋಣೆಗೆ ಬಂದಳು. ಎರಡು ವರ್ಷದಲ್ಲಿ ಮೊದಲ ಸಲ. ಹೊರಗೆ ಬಿಸಿಲು, ಬಿಸಿಲಿನಲ್ಲೇ ತಗಡಿನ ಮೇಲೆ ಆಲಿಕಲ್ಲಿನ ಸದ್ದು. ಕೋಲಕ್ಕ ಮಂಚದ ತುದಿಯಲ್ಲಿ ಕೂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಬೆರಳು ಗುಂಡಿಯನ್ನು ಹಿಡಿಯುತ್ತಿತ್ತು, ಹಿಡಿದದ್ದು ಅದಕ್ಕೆ ತಿಳಿಯುತ್ತಿರಲಿಲ್ಲ. ಐದರಲ್ಲಿ ಒಂದು ಸೇರಿತ್ತು. ಬಾಗಿಲಲ್ಲಿ ನಿಂತು ನೋಡಿದ ತಂಗಿ ಎದುರು ಬಂದು ಮೊಣಕಾಲೂರಿ, ಎರಡನೆಯ ಗುಂಡಿಗೆ ಕೈ ಹಾಕಿದಳು.

“ದಿನಾ ಹೀಗೇನಾ?”

“ಬೇರೆ ಕೆಲಸ ಏನಿದೆ ನಂಗೆ?”

“ನಾನು ಕ್ಷಮಿಸೋಕೆ ಬಂದಿಲ್ಲ ಅಕ್ಕಾ. ಅದು ನನ್ನಿಂದ ಆಗಲ್ಲ. ಆದ್ರೆ ನನ್ನ ಗುಂಡಿ ಹಾಕಿ ಬೆಳೆಸಿದವಳು ನೀನು. ನಮ್ಮನೇಗೆ ಬಾ. ಒಲೆ ಪಕ್ಕದ ಮಂಚ ಖಾಲಿ ಇದೆ.”

“ಅದು ಯಾಕೆ ಖಾಲಿ ಆಯ್ತು ಅಂತ ಗೊತ್ತಿದ್ದೂ ಕರೀತೀಯಲ್ಲೇ.”

“ಹೂಂ, ಗೊತ್ತಿದ್ದೇ ಕರೀತಿದ್ದೀನಿ. ಹಟ ಮಾಡ್ಬೇಡ.”

ಕೋಲಕ್ಕ ಎಡಗೈಯಿಂದ ತಂಗಿಯ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ದೂರ ಸರಿಸಿದಳು.

“ನಿಂಗೆ ಒಂದು ಹೇಳಿಲ್ಲ. ಅವತ್ತು ನಿನ್ನ ಗಂಡ ಕೈ ಚಾಚಿದ್ದ ಕಣೇ. ಕೊಡಕ್ಕಾ, ನಾನೂ ಮುಟ್ಟಿ ನೋಡ್ತೀನಿ ಅಂದ. ಅವನ ಕೈ ಬೆಚ್ಚಗಿತ್ತು, ತಿಳಿದುಬಿಡೋದು. ನಾನು ಕೊಡಲಿಲ್ಲ. ಅವನ ಕೈ ಬೇಡ ಅಂದವಳು ನಿನ್ನ ಕೈ ಹೇಗೆ ತಗೊಳ್ಳಲಿ? ಬಿಡು. ಮಧ್ಯಾಹ್ನ ಆದ್ರೆ ಆಗ್ಲಿ, ಗುಂಡಿ ನಾನೇ ಹಾಕ್ಕೋತೀನಿ.”