ಒಂದು ಲಾರಿಗೆ ಒಂದು ತುತ್ತು

ಯಾರೂ ನಗಬೇಡಿ ಸ್ನೇಹಿತರೇ, ನನಗೀಗ ಅಳುವುದಕ್ಕೂ ಶಕ್ತಿಯಿಲ್ಲ.

ನನ್ನ ಎರಡೂವರೆ ವರ್ಷದ ಮಗ ಮನೆಯೊಳಗೆ ಊಟಕ್ಕೆ ಬಾಯಿಯನ್ನೇ ಬಿಡುವುದಿಲ್ಲ. ಅದಕ್ಕೆ ಮನೆಮುಂದಿನ ಸಂಡೂರು ರಸ್ತೆಗೆ ಎತ್ತಿಕೊಂಡು ಬಂದು, ಒಂದು ಅದಿರು ಲಾರಿ ಬಂದರೆ ಒಂದು ತುತ್ತು ಎಂದು ರೂಢಿ ಮಾಡಿಸಿದವಳು ನಾನೇ. ಇವತ್ತು ಮಧ್ಯಾಹ್ನ ಮೊದಲ ಲಾರಿ ಬಂತು, ಮೊದಲ ತುತ್ತು ಇಳಿಯಿತು. ಅಷ್ಟರಲ್ಲಿ ಮುಂದೆಲ್ಲೋ ಜಾಮ್ ಆಗಿ ಆ ಲಾರಿ ನಮ್ಮೆದುರೇ ನಿಂತುಬಿಟ್ಟಿತು.

"ಆ ಮಾಡು ಪುಟ್ಟಾ" ಎಂದೆ.

"ಈ ಲಾರೀದು ಆತು" ಎಂದು ತುಟಿ ಬಿಗಿದ.

ಮುದ್ದು ಮಾಡಿದೆ, ಗದರಿದೆ, ಕೊನೆಗೆ ಕೈಯನ್ನೂ ಮುಗಿದೆ. ಧೂಳು ಬೀಳದಂತೆ ದುಪಟ್ಟಾ ಮುಚ್ಚಿಟ್ಟಿದ್ದ ಬೇಳೆ ಅನ್ನ ತಣ್ಣಗಾಯಿತು. ಮೇಲಿನಿಂದ ಲಾರಿ ಡ್ರೈವರ್ ಇಣುಕಿದ.

"ಯಾಕ್ರೀ ಅಕ್ಕಾರ, ಉಣವಲ್ಲನೇನ್ರಿ? ಮುಂಜಾನಿಂದ ನಂದೂ ಊಟ ಇಲ್ಲ ನೋಡ್ರಿ."

ನನಗೆ ಏನನ್ನಿಸಿತೋ, "ತಗೋರಿ ಅಣ್ಣಾ, ನೀವಾದ್ರೂ ಉಣ್ರಿ" ಎಂದು ಬಟ್ಟಲು ಕೊಟ್ಟೇಬಿಟ್ಟೆ. ಆತ ಕೆಳಗಿಳಿದು, ಕೈ ತೊಳೆದು, ಕೂತು ಉಂಡ. ನನ್ನ ಮಗ ಪ್ರತಿ ತುತ್ತಿಗೂ ಚಪ್ಪಾಳೆ ತಟ್ಟಿ, ಥೇಟ್ ನನ್ನದೇ ರಾಗದಲ್ಲಿ, "ಜಾಣ! ಇನ್ನೊಂದು ಆ ಮಾಡು" ಎನ್ನುತ್ತಿದ್ದ.

"ಭಾಳ ಪುಣ್ಯ ಬರ್ತೈತ್ರಿ ನಿಮಗ" ಎಂದು ಆತ ಬಟ್ಟಲು ತೊಳೆದುಕೊಟ್ಟು ಲಾರಿ ಹತ್ತಿದ. ಜಾಮ್ ಕ್ಲಿಯರ್ ಆಯಿತು. ಹಿಂದೆ ನಿಂತಿದ್ದ ಲಾರಿಗಳೆಲ್ಲ ಒಂದರ ಹಿಂದೊಂದು ಬರತೊಡಗಿದವು.

ನನ್ನ ಮಗ ಒಂದೊಂದು ಲಾರಿಗೂ ನನ್ನತ್ತ ತಿರುಗಿ, ಹುಟ್ಟಿದಾಗಿನಿಂದ ಬಿಡದಷ್ಟು ದೊಡ್ಡದಾಗಿ ಬಾಯಿ ಬಿಟ್ಟ. ನನ್ನ ಕೈಯಲ್ಲಿ ಥಳಥಳ ತೊಳೆದ ಬಟ್ಟಲಿತ್ತು.