ಕೋಪರಖೈರಣೆಯಲ್ಲಿ ಸಿಕ್ಕ ಶ್ರುತಿ

ಶನಿವಾರ ಬೆಳಿಗ್ಗೆ ಎಂಟೂ ನಲವತ್ತರ ಫಾಸ್ಟ್ ಲೋಕಲಿಗೆ ಡೊಂಬಿವಲಿಯಿಂದ ಹೊರಟೆವು. ನಮ್ಮ ಎಂಐಡಿಸಿ ಬಡಾವಣೆಯ ಭಜನಾ ಮಂಡಳಿಯ ಆರು ಹೆಂಗಸರು; ಹೋಗಿಬರುವ ಟಿಕೆಟ್ ತಲೆಗೆ ಮೂವತ್ತು ರೂಪಾಯಿ; ನನ್ನ ಕೈಯಲ್ಲಿ ತಿದಿ ಒತ್ತುವ ಹಳೆಯ ಶ್ರುತಿಪೆಟ್ಟಿಗೆ. ಕೋಪರಖೈರಣೆಗೆ ಉಕ್ರೇನಿನ ಗಾಯಕವೃಂದವೊಂದು ಬಂದಿತ್ತು. ಅವರ ಕಾರ್ಯಕ್ರಮದ ನಡುವೆ ನಮ್ಮದೂ ಒಂದು ದಾಸರ ಪದ. ಹದಿನೆಂಟು ವರ್ಷ ಗಣಪತಿ ಪೆಂಡಾಲಿನಲ್ಲೇ ಹಾಡಿದ ನಮಗೆ ದೊಡ್ಡ ವೇದಿಕೆ ಇದೇ ಮೊದಲು.

ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ದ್ಯಾ ತಾಈ, ವರ್ ಠೇವ್ತೆ", ಕೊಡಿ ಅಕ್ಕ, ಮೇಲಿಡುತ್ತೇನೆ, ಎಂದು ಹಸಿರು ದುಪಟ್ಟಾದ ಹೆಂಗಸೊಬ್ಬಳು ಪೆಟ್ಟಿಗೆ ತೆಗೆದುಕೊಂಡಳು. ಅದು ಕೈಯಿಂದ ಕೈಗೆ ದಾಟಿ ಮೇಲಿನ ರ‍್ಯಾಕ್ ಸೇರಿತು. ಠಾಣೆಯಲ್ಲಿ ಇಳಿಯುವವರು ಮುಂಬ್ರಾ ದಾಟುವಾಗಲೇ ಬಾಗಿಲಿಗೆ ಸಾಲು ಹಿಡಿಯಬೇಕು. ಆ ಗಡಿಬಿಡಿಯಲ್ಲಿ ನಾನು ಇಳಿದೆ ಎನ್ನುವುದಕ್ಕಿಂತ ಹಿಂದಿನವರು ನನ್ನನ್ನು ಇಳಿಸಿದರು. ಗಾಡಿ ಹೊರಟ ಮೇಲೆ ನೋಡುತ್ತೇನೆ, ಕೈ ಖಾಲಿ!

ನಮ್ಮ ಮಂಡಳಿಯ ಧಾರವಾಡದ ಗಂಗಕ್ಕ ಹಣೆ ಚಚ್ಚಿಕೊಂಡಳು. "ಎಂಥಾ ಕೆಲಸ ಮಾಡಿದ್ರಿ ವೈನಿ! ಶ್ರುತಿ ಇಲ್ದ ಹಾಡೂದು ಹ್ಯಾಂಗ?"

"ಬೈಬೇಡ ಮಾರಾಯ್ತಿ, ಮೊದಲು ಪೊಲೀಸರಿಗೆ ಹೇಳುವ" ಎಂದೆ.

ರೈಲ್ವೆ ಪೊಲೀಸರಿಗೆ ತಿಳಿಸಿ, ಕೋಪರಖೈರಣೆ ಹಾದುಹೋಗುವ ವಾಶಿಯ ಗಾಡಿ ಹತ್ತಿದೆವು. ಮೊಬೈಲಿನಲ್ಲಿ ಶ್ರುತಿ ಹಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದಂತಿತ್ತು. ಐರೋಲಿ, ರಬಾಳೆ, ಘಣಸೋಲಿ ಒಂದೊಂದೇ ದಾಟಿದವು. ಮರ್ಯಾದೆ ಹೋಯಿತು ಎಂದೇ ನನಗನಿಸಿತ್ತು.

ಸಭಾಂಗಣದಲ್ಲಿ ಕಸೂತಿ ಅಂಗಿಯ ಮೂವತ್ತು ಮಂದಿ, ಒಂದೂ ವಾದ್ಯವಿಲ್ಲ. ದುಭಾಷಿ ಹುಡುಗಿ ಹಿಂದಿಯಲ್ಲಿ ಅವರ ಕಥೆ ಹೇಳಿದಳು. ಒಂದೂರಿನ ಕಾರ್ಖಾನೆಯ ಕೆಲಸಗಾರರು ಸಂಜೆ ಸೇರಿ ಹಾಡುತ್ತಿದ್ದ ಗುಂಪಂತೆ ಅದು. ಆಮೇಲೆ ಸಂಬಳದ ವೃಂದವಾಯಿತು. ಈಗ ಯುದ್ಧ. ಗಂಡಸರಲ್ಲಿ ಕೆಲವರು ಸೈನ್ಯದಲ್ಲಿದ್ದಾರೆ. ಕರೆಂಟಿಲ್ಲದ ದಿನ ನೆಲಮಾಳಿಗೆಯಲ್ಲಿ, ಪಿಯಾನೋ ಇಲ್ಲದೆ, ಅಭ್ಯಾಸ ಮಾಡುತ್ತಾರೆ.

ನರೆಗೂದಲಿನ ನಾಯಕಿ ಸ್ವರ ಹಿಡಿಯುವ ಪುಟ್ಟ ಉಕ್ಕಿನ ಕವೆಯೊಂದನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಳು, ಮೆಲ್ಲನೆ ಗುನುಗಿದಳು, ಅಷ್ಟೇ. ಮೊದಲು ಚರ್ಚಿನ ಸ್ತೋತ್ರ. ಗಂಡಸರ ದನಿಗೆ ಕುರ್ಚಿ ಅದುರಿತು. ಆಮೇಲೆ ಸುಗ್ಗಿಯ ಹಾಡು, ಮದುವೆಯ ಹಾಡು, ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಹಾಡುವ ಹಾಡು. "ನಮ್ಮ ಜೋಕುಮಾರನ್ನ ಹೊತ್ಕೊಂಡು ಹೋಗ್ತಾರಲ್ರಿ, ಹಂಗ!" ಎಂದು ಗಂಗಕ್ಕ ನನ್ನನ್ನು ತಿವಿದಳು.

ನಮ್ಮ ಸರದಿ ಬಂತು. ನಾಚಿಕೆ ಬಿಟ್ಟು ದುಭಾಷಿಗೆ ಪೆಟ್ಟಿಗೆಯ ಸಂಗತಿ ಹೇಳಿದೆ. ನಾಯಕಿ ನಗಲಿಲ್ಲ. "ಯಾವ ಸ್ವರ ಬೇಕು, ಹಾಡಿ ತೋರಿಸಿ" ಎಂದು ಕೇಳಿಸಿದಳು. ಸ ಹಾಡಿದೆ, ಪ ಹಾಡಿದೆ. ಅವಳು ಕೈಯೆತ್ತಿದಳು. ಗಂಡಸರು ಬಾಯಿ ಮುಚ್ಚಿಯೇ ಸ ಹಿಡಿದರು, ಹೆಂಗಸರು ಪ. ಒಬ್ಬರು ಉಸಿರೆಳೆಯುವಾಗ ಪಕ್ಕದವರು ಸ್ವರ ಬಿಡುವುದಿಲ್ಲ. ಅದು ಅವರ ಕಸುಬಿನ ಗುಟ್ಟಂತೆ. ಪದ ಮುಗಿಯುವವರೆಗೂ ಶ್ರುತಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅಬ್ಬಾ, ಹೋದ ಜೀವ ಬಂದಂತಾಯಿತು. ಚಪ್ಪಾಳೆಯ ಹೊತ್ತಿಗೆ ನಾನು ಅಳುತ್ತಿದ್ದೆ.

ಊಟದ ಹೊತ್ತಿಗೆ ಫೋನ್ ನೋಡಿದರೆ ಗುರುತಿಲ್ಲದ ನಂಬರಿನಿಂದ ಏಳು ಮಿಸ್ಡ್ ಕಾಲ್. ಪೆಟ್ಟಿಗೆಯ ಗವಸಿನ ಮೇಲೆ ನಮ್ಮ ಮನೆಯವರು ಬರೆದಿಟ್ಟಿದ್ದ ನನ್ನ ನಂಬರ್ ಕೆಲಸಕ್ಕೆ ಬಂದಿತ್ತು.

ಫೋನಿನಲ್ಲಿ ಹೇಳಿದಂತೆ ಸಂಜೆ ಠಾಣೆ ಸ್ಟೇಷನ್ನಿನ ಸೇತುವೆಯ ಕೆಳಗೆ ಹಸಿರು ದುಪಟ್ಟಾದವಳು ಪೆಟ್ಟಿಗೆ ಅವುಚಿಕೊಂಡು ನಿಂತಿದ್ದಳು. ದಿನವಿಡೀ ದಾದರಿನ ಆಫೀಸಿನಲ್ಲಿ ಮೇಜಿನ ಕೆಳಗೆ ಇಟ್ಟುಕೊಂಡಿದ್ದಳಂತೆ. ಕೊಡುವಾಗ ಮುಖ ಸಣ್ಣದು ಮಾಡಿದಳು. "ಪೇಟಿ ಬಿಘಡ್ಲಿ ಆಹೆ ಕಾ, ತಾಈ? ಏಕಚ್ ಸೂರ್ ಯೇತೊ." ಒಮ್ಮೆ ಒತ್ತಿ ನೋಡಿದ್ದಳು, ಒಂದೇ ಸ್ವರ ಬರುತ್ತದಲ್ಲ, ತನ್ನಿಂದ ಕೆಟ್ಟಿತೇನೋ ಎಂದು ಅವಳ ಚಿಂತೆ.

ಅವಳ ಕೈ ಹಿಡಿದುಕೊಂಡು, ನನಗೆ ಬರುವ ಮರಾಠಿಯಲ್ಲೇ ಹೇಳಿದೆ: ಕೆಟ್ಟಿಲ್ಲ ಮಗಳೇ, ಅದರಲ್ಲಿ ಬರಬೇಕಾದದ್ದೇ ಅದೊಂದು. ಇವತ್ತು ಅದನ್ನು ಹಿಡಿದು ನಿಲ್ಲಿಸಲು ಮೂವತ್ತು ಜನ ಬೇಕಾದರು.