ಮನೋಳಿಯಲ್ಲಿ ರೊಟ್ಟಿಯ ಕರೆ

ಮನೋಳಿಯ ಶಾಲೆಯ ಗೋಡೆಯ ಮೇಲೆ ಆಫ್ರಿಕದ ಹಳ್ಳಿಯೊಂದರ ಸಿನಿಮಾ ನಡೆದಿತ್ತು. ಏಡ್ಸ್ ಇರುವ ತಾಯಿಯೊಬ್ಬಳು ಗಂಜಿ ಕುದಿಸಿ ನೆರೆಯವರಿಗೆ ಬಡಿಸಿದಳು. ಯಾರೂ ಮುಟ್ಟಲಿಲ್ಲ.

"ಎಂಥಾ ಮಂದಿವಾ, ಉಣ್ಣವಲ್ಲರು," ಎಂದು ಮುಂದೆ ಕುಳಿತಿದ್ದ ಹಿರಿಯಾಕೆ ನೀಲವ್ವ ಬೈದರು.

ಕೆಲವರು ಹಿಂತಿರುಗಿ ಬಾಗಿಲತ್ತ ನೋಡಿದರು. ಅದೇ ಕಾಯಿಲೆಯ ಗಂಗವ್ವ ಬಾಗಿಲ ಬಳಿ ಒಬ್ಬಳೇ ಕುಳಿತಿದ್ದಳು. ಮದುವೆಯ ರೊಟ್ಟಿಯನ್ನು ಇಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಬಡಿಯುತ್ತಾರೆ. ಕಾಯಿಲೆ ಗೊತ್ತಾದ ಮೇಲೆ ಗಂಗವ್ವನನ್ನು ಆ ಕೆಲಸಕ್ಕೆ ಯಾರೂ ಕರೆದಿರಲಿಲ್ಲ.

ಸಿನಿಮಾ ಮುಗಿದೊಡನೆ ನೀಲವ್ವ ಎದ್ದು ಬಾಗಿಲಿಗೆ ಹೋದರು.

"ಗಂಗಿ, ನಾಳೆ ನಮ್ಮ ಹುಡುಗಿ ಮದುವಿ ರೊಟ್ಟಿ ಬಡಿಯೋದೈತಿ, ಬಾ."

ಗಂಗವ್ವ ಎದ್ದು ನಿಂತು ಕೇಳಿದಳು: "ಹಿಟ್ಟು ನಾದಾಕ ನನ್ನ ಪರಾತ ಬ್ಯಾರೆ ತರ್ಲೇನ್ರಿ, ಅತ್ತಿ?"

"ಪರಾತ ನಮ್ಮನ್ಯಾಗ ಐತಿ. ನೀ ನಿನ್ನ ಕೈಯಷ್ಟ ತೊಗೊಂಡು ಬಾ."